ಗ್ಲೂಕೋಸ್ ಮೇಜಿನ ಮೇಲೆಯೇ ಇತ್ತು

ಮೊದಲು ಬಂದದ್ದು ಬಾಯಾರಿಕೆ. ನನ್ನ ಮಗಳು ಮೇಘಾ ಆಗ ಏಳನೇ ಕ್ಲಾಸಿನಲ್ಲಿದ್ದಳು. ಶಾಲೆಯಿಂದ ಬಂದವಳೇ ತಂಬಿಗೆಗಟ್ಟಲೆ ನೀರು ಕುಡಿಯುತ್ತಿದ್ದಳು. ಬೇಸಿಗೆ, ಅದಕ್ಕೇ ಅಂದುಕೊಂಡೆವು. ಯೂನಿಫಾರ್ಮಿನ ಸ್ಕರ್ಟು ಸೊಂಟದಿಂದ ಜಾರತೊಡಗಿತು. ನಾನು ಪಿನ್ನು ಹಾಕಿ ಕಳಿಸಿದೆ. "ಉದ್ದ ಆಗಾಕತ್ತಾಳ, ಅದಕ್ಕ ತೆಳ್ಳಗ ಆಗ್ಯಾಳ" ಅಂದರು ನಮ್ಮ ಅತ್ತೆ. ರಾಣೆಬೆನ್ನೂರಿನಲ್ಲಿ ನಮ್ಮ ಓಣಿಯ ಡಾಕ್ಟರು ಹುಳದ ಮಾತ್ರೆ ಕೊಟ್ಟರು. ಒಂದು ಬೆಳಗ್ಗೆ ವಾಂತಿ ಶುರುವಾಯಿತು, ಉಸಿರು ಜೋರಾಯಿತು, ಕರೆದರೆ ಓ ಅನ್ನಲಿಲ್ಲ. ಹಾವೇರಿಯ ಆಸ್ಪತ್ರೆಗೆ ಓಡಿದೆವು. ಬೆರಳು ಚುಚ್ಚಿ ನೋಡಿದರೆ ಅವಳ ರಕ್ತದ ಸಕ್ಕರೆ ಮಷಿನ್ನಿನ ಅಳತೆಗೂ ಮೀರಿತ್ತು.

ಟೈಪ್ ಒನ್ ಡಯಾಬಿಟಿಸ್.

ಇದನ್ನು ನಾನು ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ. "ಸಿಟ್ಟ ಇಳದ ಮ್ಯಾಲ ಬರಿ" ಅಂದರು ನಮ್ಮನೆಯವರು. ಇಳಿದ ಮೇಲೆ ಬರೆದರೆ ಎಲ್ಲರಿಗೂ ವಂದನಾರ್ಪಣೆ ಮಾಡಿ ಮುಗಿಸುತ್ತೇನೆ, ನನ್ನ ಸ್ವಭಾವ ನನಗೆ ಗೊತ್ತು. ವಂದನೆ ಹೇಳಬೇಕಾದವರು ಇದ್ದಾರೆ. ಅವರ ಸರದಿ ಆಮೇಲೆ ಬರಲಿ.

ಮೊದಲ ಕೆಲವು ತಿಂಗಳು ಹೇಗೋ ಹೋದವು. ಫ್ರಿಜ್ಜಿನ ಬಾಗಿಲಿನಲ್ಲಿ ಮೊಸರಿನ ಪಕ್ಕ ಇನ್ಸುಲಿನ್ ಬಂದು ಕೂತಿತು. ಊಟದ ಮುಂಚೆ ಚುಚ್ಚು, ಊಟದ ನಂತರ ಚೆಕ್ಕು. ಮೇಘಾ ಎರಡೇ ತಿಂಗಳಲ್ಲಿ ತಾನೇ ಹೊಟ್ಟೆಗೆ ಚುಚ್ಚಿಕೊಳ್ಳುವುದನ್ನು ಕಲಿತಳು. ನಾನು ಬೀಜದ ಕಂಪನಿಯೊಂದರ ಆಫೀಸಿನಲ್ಲಿ ಕೆಲಸ ಮಾಡುತ್ತೇನೆ. ಬೆಳಗ್ಗೆ ಅವಳ ಡಬ್ಬಿ, ಅವಳ ಡೋಸು, ಅವಳ ಹನ್ನೊಂದು ಗಂಟೆಯ ತಿಂಡಿ, ಎಲ್ಲ ಮುಗಿಸಿ ಆಟೋ ಹತ್ತುವಷ್ಟರಲ್ಲಿ ಒಂದು ದಿನದ ಶಕ್ತಿ ಖರ್ಚಾಗಿರುತ್ತಿತ್ತು. ಆದರೂ ಅದಕ್ಕೆ ಹೊಂದಿಕೊಂಡೆವು. ರೋಗಕ್ಕೆ ಹೊಂದಿಕೊಳ್ಳುವುದು ಕಷ್ಟವಾಗಲಿಲ್ಲ. ಮಂದಿಗೆ ಹೊಂದಿಕೊಳ್ಳುವುದು ಇವತ್ತಿಗೂ ಆಗಿಲ್ಲ.

ನಾಗರ ಪಂಚಮಿಗೆ ಬ್ಯಾಡಗಿಯ ತವರಿಗೆ ಹೋದರೆ ನನ್ನ ಅಣ್ಣನ ಹೆಂಡತಿ ಉಂಡಿಯ ಡಬ್ಬಿಗಳನ್ನೆಲ್ಲ ದೇವರ ಕೋಣೆಗೆ ಸಾಗಿಸಿ ಬಾಗಿಲು ಮುಚ್ಚಿದಳು. ಕಳ್ಳಿ ಬಂದಿದ್ದಾಳೆ ಅನ್ನುವ ಹಾಗೆ. ಮೇಘಾ ಜೋಕಾಲಿಯ ಹಗ್ಗ ಹಿಡಿದುಕೊಂಡು ಅದನ್ನೆಲ್ಲ ನೋಡುತ್ತ ನಿಂತಿದ್ದಳು. ಒಂದು ಶೇಂಗಾ ಉಂಡಿ ತಿನ್ನಬಹುದು, ಅದಕ್ಕೆ ತಕ್ಕ ಇನ್ಸುಲಿನ್ ಹಾಕಿದರಾಯಿತು ಅಂದೆ. "ಬ್ಯಾಡವ್ವಾ, ಯಾಕ ಸುಳ್ಳ ಸಾಹಸ" ಅಂದಳು. ಆಮೇಲೆ ಒಲೆಯ ಹತ್ತಿರ ಕರೆದು, "ಲಗ್ನದ ಟೈಮಿಗೆ ಯಾರ ಮುಂದೂ ಬಾಯಿ ಬಿಡಬ್ಯಾಡ" ಎಂದು ಕಿವಿಯಲ್ಲಿ ಹೇಳಿದಳು. ಹುಡುಗಿಗೆ ಆಗ ಹದಿಮೂರು ವರ್ಷ. ನಾನು ಊಟ ಮಾಡದೆ ಸಂಜೆಯ ಬಸ್ಸು ಹತ್ತಿದೆ.

ಶಾಲೆಯಲ್ಲೂ ಹೀಗೇ ಒಂದು ಪ್ರೀತಿ ಬೆಳೆದಿತ್ತು. ಮೇಘಾಳ ಜೀವದ ಗೆಳತಿ ಪವಿತ್ರಾ. ಇಬ್ಬರೂ ಒಂದೇ ಬೆಂಚು, ಒಂದೇ ಓಣಿ. ಆ ಪವಿತ್ರಾ ಕ್ಲಾಸಿನ ಹುಡುಗಿಯರನ್ನೆಲ್ಲ ಕೂಡಿಸಿ ಆಣೆ ಮಾಡಿಸಿದ್ದಳು: ಮೇಘಾಳ ಮುಂದೆ ಯಾರೂ ಸಿಹಿ ತಿನ್ನಬಾರದು, ಮೇಘಾ ಕೇಳಿದರೂ ಕೊಡಬಾರದು, ಎಲ್ಲಾದರೂ ತಿಂದದ್ದು ಕಂಡರೆ ಕಸಿದುಕೊಳ್ಳಬೇಕು. ಟೀಚರುಗಳು ಇದನ್ನು ಹೊಗಳಿದರು. ನಮ್ಮ ಅತ್ತೆ ಪವಿತ್ರಾಳನ್ನು ಕರೆದು ತಲೆ ಸವರಿದರು.

ನಾನು ಶಾಲೆ ಶುರುವಾದಾಗಲೇ ಕ್ಲಾಸ್ ಟೀಚರ್ ಹತ್ತಿರ ಹೋಗಿ ಬಿಡಿಸಿ ಹೇಳಿದ್ದೆ. ಸಕ್ಕರೆ ಏರುವುದು ಒಂದು ತೊಂದರೆ, ಇಳಿಯುವುದು ಅದಕ್ಕಿಂತ ದೊಡ್ಡ ತೊಂದರೆ. ಕೈ ನಡುಗಿದರೆ, ಬೆವೆತರೆ, ತಕ್ಷಣ ಏನಾದರೂ ಸಿಹಿ ಕೊಡಿ. ಅವಳ ಬ್ಯಾಗಿನಲ್ಲಿ ಗ್ಲೂಕೋಸ್ ಇರುತ್ತದೆ. "ಹೂಂ ರಿ, ಹೂಂ ರಿ" ಅಂದರು ಟೀಚರ್. ಆ ಮಾತು ಸ್ಟಾಫ್ ರೂಮ್ ದಾಟುವಷ್ಟರಲ್ಲಿ ಅರ್ಧವಾಗಿತ್ತು. ಸಿಹಿ ಬೇಡ ಅನ್ನುವ ಅರ್ಧ ಎಲ್ಲರಿಗೂ ನೆನಪಿತ್ತು. ಸಿಹಿ ಬೇಕು ಅನ್ನುವ ಅರ್ಧ ಯಾರ ತಲೆಗೂ ಹೋಗಿರಲಿಲ್ಲ.

ಎಂಟನೇ ಕ್ಲಾಸಿನಲ್ಲಿ ವಿಜ್ಞಾನದ ಸರ್ ಒಂದು ಪ್ರಯೋಗ ಇಟ್ಟರು. ಮನೆಯಿಂದ ಒಂದೊಂದು ತಿನ್ನುವ ಪದಾರ್ಥ ತನ್ನಿ, ಯಾವುದರಲ್ಲಿ ಸಕ್ಕರೆ ಇದೆ, ಯಾವುದರಲ್ಲಿ ಇಲ್ಲ, ನೋಡೋಣ ಅಂದರು. ಒಳ್ಳೆಯ ಪಾಠ. ಪುಸ್ತಕ ಓದಿಸಿ ಸಾಗಹಾಕುವ ಸರ್ ಅಲ್ಲ ಅವರು, ಅದನ್ನೂ ಹೇಳಿಬಿಡುತ್ತೇನೆ. ಹುಡುಗರು ಜೋಳದ ರೊಟ್ಟಿ, ಚುರುಮುರಿ, ಹಾಲು, ಉಳ್ಳಾಗಡ್ಡಿ, ಸಕ್ಕರೆ ತಂದಿದ್ದರು. ಪವಿತ್ರಾ ಬೆಲ್ಲ ತಂದಿದ್ದಳು. ಹೋಲಿಸಿ ನೋಡಲಿಕ್ಕೆ ಸರ್ ಒಂದು ಪ್ಯಾಕೆಟ್ ಗ್ಲೂಕೋಸ್ ಪುಡಿ ತಂದು ಮೇಜಿನ ಮೇಲೆ ಇಟ್ಟಿದ್ದರು.

ಮೇಘಾ ತರುವುದನ್ನು ಮರೆತಿದ್ದಳು. ತನ್ನ ಹನ್ನೊಂದು ಗಂಟೆಯ ಬಾಳೆಹಣ್ಣನ್ನೇ ಕೊಟ್ಟಳು.

ಆ ಬಾಳೆಹಣ್ಣು ಅವಳ ಔಷಧದ ಒಂದು ಭಾಗ. ಬೆಳಗ್ಗೆ ಹಾಕಿದ ಇನ್ಸುಲಿನ್ ಮಧ್ಯಾಹ್ನದವರೆಗೂ ಕೆಲಸ ಮಾಡುತ್ತಲೇ ಇರುತ್ತದೆ. ನಡುವೆ ತಿನ್ನದಿದ್ದರೆ ಅದು ರಕ್ತದಲ್ಲಿರುವ ಸಕ್ಕರೆಯನ್ನೇ ಬರಿದು ಮಾಡುತ್ತದೆ. ಅವತ್ತು ಮೊದಲ ಪೀರಿಯಡ್ಡಿನಲ್ಲಿ ಖೋಖೋ ಪ್ರಾಕ್ಟೀಸ್ ಬೇರೆ ಇತ್ತು, ತಾಲೂಕು ಪಂದ್ಯಕ್ಕೆ. ಚೆನ್ನಾಗಿ ಓಡಿದ್ದಳು. ಸ್ಪಿರಿಟ್ ಲ್ಯಾಂಪ್ ಹಚ್ಚಿದ್ದೇವೆ, ನೀರು ಕುದಿಯುತ್ತಿದೆ, ಇವತ್ತು ಬಿಡುವು ಬೇಡ ಅಂದರು ಸರ್. ಹುಡುಗರೂ ಖುಷಿಯಲ್ಲಿದ್ದರು. ನೀಲಿ ದ್ರಾವಣ ಹಾಕಿದ ಟೆಸ್ಟ್ ಟ್ಯೂಬನ್ನು ಕುದಿಯುವ ನೀರಿನಲ್ಲಿ ಇಟ್ಟರೆ ಬಣ್ಣ ಬದಲಾಗುತ್ತದೆ. ಗ್ಲೂಕೋಸ್ ಹಾಕಿದ್ದು ಇಟ್ಟಿಗೆಯಂತೆ ಕೆಂಪಾಯಿತು. ರೊಟ್ಟಿಯದ್ದು ನೀಲಿಯಾಗಿಯೇ ಉಳಿಯಿತು. ಸಕ್ಕರೆಯದ್ದೂ ನೀಲಿಯಾಗಿಯೇ ಉಳಿಯಿತು. ಸಕ್ಕರೆಯಲ್ಲಿ ಸಕ್ಕರೆ ಇಲ್ಲ ಎಂದು ಹುಡುಗರು ಬೆಂಚು ಬಡಿದು ನಕ್ಕರಂತೆ. ಅದು ಬೇರೆ ಜಾತಿಯ ಸಕ್ಕರೆ, ಅದಕ್ಕೆ ಬೇರೆ ಪರೀಕ್ಷೆ ಇದೆ, ನಾಳೆ ಹೇಳುತ್ತೇನೆ ಅಂದರಂತೆ ಸರ್.

ಇದನ್ನೆಲ್ಲ ನನಗೆ ಆಮೇಲೆ ಹೇಳಿದವರು ಸರ್ ಮತ್ತು ಪವಿತ್ರಾ. ಮೇಘಾಳಿಗೆ ಅರ್ಧ ಮಾತ್ರ ನೆನಪಿದೆ.

ಮೇಘಾಳಿಗೆ ಮೊದಲು ಬಂದದ್ದು ನಡುಕವಲ್ಲ. ಸಿಟ್ಟು. ಮಾತೆತ್ತಿದರೆ ತಲೆ ತಗ್ಗಿಸುವ ಹುಡುಗಿ ಎದ್ದು ನಿಂತು, "ನನ್ನ ಬಾಳೆಹಣ್ಣ ಕೊಡ್ರಿ" ಎಂದು ಕೂಗಿದಳು. ಹಣ್ಣನ್ನು ಆಗಲೇ ಕಿವುಚಿ ಟ್ಯೂಬಿಗೆ ಹಾಕಿಯಾಗಿತ್ತು. "ಏನವಾ ಇದು, ಕುಂದ್ರು" ಅಂದರು ಸರ್. "ನಿಮಗ ತಲಿ ಐತೇನ್ರಿ? ಕೊಡ್ರಿ ಅಂದ್ರ ಕೊಡ್ರಿ!" ಅಂದಳಂತೆ. ಸರ್ ಮುಖ ಕೆಂಪಾಯಿತು. ಹಿಂದೆ ಹೋಗಿ ಗೋಡೆಗೆ ನಿಲ್ಲು ಅಂದರು.

ಅವಳು ಹಿಂದೆ ಹೋಗಲಿಲ್ಲ. ಮೇಜಿನ ಹತ್ತಿರ ಬಂದು ಬೆಲ್ಲದ ಚೂರಿಗೆ ಕೈ ಹಾಕಿದಳು. ಗ್ಲೂಕೋಸ್ ಅವಳ ಬ್ಯಾಗಿನಲ್ಲೇ ಇತ್ತು, ಆದರೆ ಬ್ಯಾಗು ಕ್ಲಾಸ್ ರೂಮಿನಲ್ಲಿ, ಇವಳು ಲ್ಯಾಬಿನಲ್ಲಿ. ಸಕ್ಕರೆ ಅಷ್ಟು ಇಳಿದ ಮೇಲೆ ತಲೆ ಯೋಚನೆ ಮಾಡುವುದಿಲ್ಲ, ಎದುರಿಗೆ ಕಂಡದ್ದಕ್ಕೆ ಕೈ ಹೋಗುತ್ತದೆ. ಸರಿಯಾದದ್ದಕ್ಕೇ ಹೋಗಿತ್ತು. ಪವಿತ್ರಾ ಓಡಿ ಬಂದು ಅವಳ ಮುಷ್ಟಿ ಬಿಡಿಸಿ ಬೆಲ್ಲ ಕಸಿದುಕೊಂಡಳು. "ಬ್ಯಾಡ ಮೇಘಾ, ನಿನಗ ಶುಗರ್ ಐತಿ, ಸಾಯ್ತಿ" ಎಂದು ಅಳುತ್ತ ಕಸಿದುಕೊಂಡಳು. ಸರ್, "ಶಾಬಾಸ್ ಪವಿತ್ರಾ" ಅಂದರು.

ಮೇಘಾ ನೆಲಕ್ಕೆ ಬಿದ್ದಳು. ಕೈಕಾಲು ಸೆಟೆದುಕೊಂಡವು.

ಮುಂದಿನದನ್ನು ಬರೆಯುವಾಗ ನನ್ನ ಪೆನ್ನು ಕಾಗದ ಹರಿಯುತ್ತದೆ. ಫಿಟ್ಸ್ ಬಂತು ಎಂದು ಯಾರೋ ಕೂಗಿದರು. ನಮ್ಮ ಕಡೆ ಫಿಟ್ಸ್ ಬಂದರೆ ಏನು ಮಾಡುತ್ತಾರೆ ಎಂದು ಎಲ್ಲರಿಗೂ ಗೊತ್ತು. ಕಬ್ಬಿಣ ಹಿಡಿಸುತ್ತಾರೆ, ಉಳ್ಳಾಗಡ್ಡಿ ಮೂಸಿಸುತ್ತಾರೆ. ಸರ್ ತಮ್ಮ ಜೇಬಿನಿಂದ ಲ್ಯಾಬಿನ ಕೀಲಿಕೈ ಗೊಂಚಲು ತೆಗೆದು ಅವಳ ಅಂಗೈಗೆ ಒತ್ತಿ ಬೆರಳು ಮಡಚಿದರು. ಮೇಜಿನ ಮೇಲಿದ್ದ ಉಳ್ಳಾಗಡ್ಡಿಯನ್ನು, ಅದೇ ಸಕ್ಕರೆ ಇದೆಯೋ ಇಲ್ಲವೋ ನೋಡಲಿಕ್ಕೆ ತಂದದ್ದನ್ನು, ಜಜ್ಜಿ ಮೂಗಿಗೆ ಹಿಡಿದರು. ಅದರ ಪಕ್ಕದಲ್ಲೇ ಗ್ಲೂಕೋಸ್ ಪ್ಯಾಕೆಟ್ ಬಾಯಿ ತೆರೆದುಕೊಂಡು ಕೂತಿತ್ತು. ಇಡೀ ರಾಣೆಬೆನ್ನೂರಿನಲ್ಲಿ ಆ ಹೊತ್ತಿಗೆ ಸಕ್ಕರೆಯ ಬಗ್ಗೆ ಪಾಠ ನಡೆಯುತ್ತಿದ್ದ ಕೋಣೆ ಅದೊಂದೇ ಇರಬೇಕು. ಅಲ್ಲಿ ನನ್ನ ಮಗಳಿಗೆ ಒಂದು ಚಿಟಿಕೆ ಸಕ್ಕರೆ ಸಿಗಲಿಲ್ಲ.

ಸರ್ ಅವಳನ್ನು ತಾವೇ ಎತ್ತಿಕೊಂಡು ಆಟೋದಲ್ಲಿ ಹಾಕಿಕೊಂಡು ಆಸ್ಪತ್ರೆಗೆ ತಂದರು. ದಾರಿಯಲ್ಲೇ ನನಗೆ ಫೋನ್ ಮಾಡಿದರು. ನಾನು ಹೋದಾಗ ಡ್ಯೂಟಿ ಡಾಕ್ಟರ್ ಬೆರಳು ಚುಚ್ಚುತ್ತಿದ್ದರು. ಎಪ್ಪತ್ತಾದರೂ ಇರಬೇಕಾದಲ್ಲಿ ಮಷಿನ್ ಮೂವತ್ತೊಂದು ತೋರಿಸಿತು. "ಡೆಕ್ಸ್‌ಟ್ರೋಸ್, ಲಗೂ!" ಎಂದು ಅವರು ಕೂಗಿದ್ದು ಕೇಳಿಸಿತು. ನರಕ್ಕೆ ಸಕ್ಕರೆ ನೀರು ಹೋಯಿತು. ಸ್ವಲ್ಪ ಹೊತ್ತಿಗೆ ರೆಪ್ಪೆ ಅಲುಗಿತು, ಆಮೇಲೆ ಕಣ್ಣು ಬಿಟ್ಟಳು. ನರ್ಸ್ ಅವಳ ಬಲಗೈ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, "ಇವು ಯಾರವರಿ ಕೀಲಿ?" ಎಂದು ಕೇಳಿದರು.

ನಾನು ಇಸಿದುಕೊಂಡು ಪರ್ಸಿನಲ್ಲಿ ಹಾಕಿಕೊಂಡೆ.

ಸಂಜೆ ಡಾಕ್ಟರ್ ನನ್ನನ್ನು ಕೂರಿಸಿಕೊಂಡು ಹೇಳಿದರು. "ಸಿಟ್ಟ ಬರೋದೂ ಲೋ ಶುಗರ್ ಲಕ್ಷಣಾನರಿ. ಮಿದುಳಿಗೆ ಸಕ್ಕರಿ ಸಿಗಲಿಲ್ಲಂದ್ರ ಮನಷ್ಯಾ ಮನಷ್ಯಾ ಆಗಿ ಉಳಿಯಂಗಿಲ್ಲ. ಆಕಿ ಬೆಲ್ಲಕ್ಕ ಕೈ ಹಾಕಿದಾಗ ತಿನ್ನಾಕ ಬಿಟ್ಟಿದ್ರ ಅಷ್ಟಕ್ಕ ಮುಗೀತಿತ್ತು." ಎಂಟು ತಿಂಗಳಿಂದ ಎಷ್ಟು ಡಾಕ್ಟರರ ಮುಂದೆ ಕೂತಿದ್ದೇನೆ! ಏನು ತಿನ್ನಬಾರದು ಎಂದು ಎಲ್ಲರೂ ಹೇಳಿದರು. ನಡುಕ, ಬೆವರು ಎಂದೂ ಹೇಳಿದರು. ಸಿಟ್ಟಿನ ಮಾತು ಯಾರ ಬಾಯಿಂದಲೂ ಬಂದಿರಲಿಲ್ಲ. ಅದನ್ನು ಹೇಳಲಿಕ್ಕೆ ಎಷ್ಟು ಹೊತ್ತು ಬೇಕಿತ್ತು?

ಮನೆಗೆ ಬಂದ ಮೇಲೆ ಅತ್ತೆ ನನ್ನ ಕಡೆ ನೋಡದೆ ಮಗನಿಗೆ ಹೇಳಿದರು. "ಸಾಲಿ ಬಿಡಸ್ರಿ ಇನ್ನ. ಮನ್ಯಾಗ ಇರಲಿ ಕೂಸು. ಜೀವಕ್ಕಿಂತ ಸಾಲಿ ದೊಡ್ಡದೇನು?" ನಮ್ಮನೆಯವರು, "ಮನ್ಯಾಗ ಓದಲಿ ಬಿಡು, ಎಸ್ಸೆಸ್ಸೆಲ್ಸಿ ಹೊರಗಿಂದ ಕಟ್ಟಿದ್ರಾತು" ಅಂದರು. ಮೇಘಾ ಒಳಗಿನ ಕೋಣೆಯಲ್ಲಿ ಮಲಗಿದ್ದಳು. ಬಾಗಿಲು ಅರ್ಧ ತೆರೆದಿತ್ತು. ಅವಳಿಗೆ ಕೇಳಿಸುತ್ತಿದೆ ಎಂದು ನನಗೆ ಗೊತ್ತಿತ್ತು.

"ಯಾರರ ಇನ್ನೊಮ್ಮೆ ಸಾಲಿ ಬಿಡಸೋ ಮಾತ ಆಡ್ರಿ, ನೋಡ್ತೀನಿ" ಅಂದೆ. ಮದುವೆಯಾಗಿ ಹದಿನೇಳು ವರ್ಷದಲ್ಲಿ ಅತ್ತೆಯ ಮುಂದೆ ಅಷ್ಟು ದನಿ ಏರಿಸಿದ್ದು ಅದೇ ಮೊದಲು. ಅವರು ಹುಡುಗಿಗೆ ರೋಗ ಬಂದಾಗಿನಿಂದ ಪ್ರತಿ ಸೋಮವಾರ ಒಪ್ಪತ್ತು ಮಾಡುತ್ತಿದ್ದಾರೆ, ಪ್ರೀತಿ ಇಲ್ಲ ಎಂದು ನಾನು ಹೇಳುವುದಿಲ್ಲ. ಪ್ರೀತಿ ಎಲ್ಲರಿಗೂ ಇತ್ತು. ಉಂಡಿ ಬಚ್ಚಿಟ್ಟವಳಿಗೂ ಇತ್ತು, ಬೆಲ್ಲ ಕಸಿದವಳಿಗೂ ಇತ್ತು. ಇಷ್ಟು ಪ್ರೀತಿಯ ನಡುವೆ ಹುಡುಗಿ ಸಾಯುವುದರಲ್ಲಿದ್ದಳಲ್ಲ ಎಂದೇ ನನ್ನ ಹೊಟ್ಟೆ ಉರಿಯುತ್ತಿತ್ತು.

ಮರುದಿನ ಶಾಲೆಗೆ ಹೋದೆ. ಸರ್ ಲ್ಯಾಬಿನಲ್ಲಿದ್ದರು. ಬೀಗ ಒಡೆಸಿ ತೆಗೆಸಿದ್ದರಂತೆ. ಕೀಲಿಕೈ ಗೊಂಚಲನ್ನು ಮೇಜಿನ ಮೇಲೆ ಇಟ್ಟೆ.

"ಮೇಡಮ್, ಹೆಂಗದಾಳ್ರಿ ಮೇಘಾ?" ಎದ್ದು ನಿಂತರು.

"ಉಳದಾಳ್ರಿ. ಕೀಲಿಯಿಂದ ಉಳದಿಲ್ಲ."

ಅವರು ಕಣ್ಣು ತಗ್ಗಿಸಿದರು. "ಶುಗರ್ ಇದ್ದವರಿಗೆ ಬೆಲ್ಲಾ ಹೆಂಗ ಕೊಡೋದ್ರಿ ಮೇಡಮ್? ಕೊಟ್ಟು ಏನರ ಆಗಿದ್ರ ನೀವ ನನ್ನ ಬಿಡ್ತಿದ್ರೇನ್ರಿ?"

"ಕೊಡದ ಏನಾತು ಅನ್ನೋದ ನೋಡಿದ್ರೆಲ್ಲ."

"ನಂಗ ಯಾರೂ ಹೇಳಿರಲಿಲ್ರಿ. ಸಿಹಿ ಕೊಡಬ್ಯಾಡ್ರಿ ಅಂತಷ್ಟ ಹೇಳಿದ್ರು."

ನಾನು ಬೈಯಬೇಕೆಂದು ಒಂದು ರಾತ್ರಿಯಿಡೀ ಕೂಡಿಸಿಟ್ಟುಕೊಂಡ ಮಾತುಗಳಿದ್ದವು. ಅಷ್ಟನ್ನೂ ಬೈದೆ. ಕೊನೆಗೆ ಸರ್, "ನಾ ಮಾಡಿದ ಪಾಠ ಅರ್ಧಕ್ಕ ನಿಂತೈತಿ. ಉಳದಿದ್ದನ್ನ ನೀವ ಮಾಡ್ರಿ ಮೇಡಮ್, ಹುಡುಗುರು ಹೆದರ್ಯಾವು" ಅಂದರು. ನಾನು ಪಾಠ ಮಾಡಲಿಕ್ಕೆ ಹೋದವಳಲ್ಲ. ಆದರೆ ಬ್ಯಾಗಿನಲ್ಲಿ ಗ್ಲೂಕೋಮೀಟರ್ ಇತ್ತು.

ಅದೇ ಲ್ಯಾಬಿನಲ್ಲಿ ಎಂಟನೇ ಕ್ಲಾಸಿನವರನ್ನು ಕೂರಿಸಿದರು. ನಾನು ಎಲ್ಲರ ಎದುರಿಗೆ ನನ್ನ ಬೆರಳು ಚುಚ್ಚಿಕೊಂಡೆ. ತೊಂಬತ್ತೆರಡು ಬಂತು. ಮುಂದೆ ಕೂತ ಒಬ್ಬಳು, "ಆಂಟಿ, ಹಂಗಾರ ನಿಮಗೂ ಶುಗರ್ ಐತೇನ್ರಿ?" ಎಂದು ಕೇಳಿದಳು. ಸರ್ ಮುಂದೆ ಬಂದು ಬೆರಳು ಚಾಚಿದರು. ಹೊಸ ಸೂಜಿ ಹಾಕಿ ಚುಚ್ಚಿದೆ. ನೂರ ಹದಿನೆಂಟು. ಹುಡುಗರು, "ಸರ್‌ಗೂ ಐತಿ! ಸರ್‌ಗೂ ಐತಿ!" ಎಂದು ಗುಸುಗುಸು ಮಾಡಿದರು. ಎಲ್ಲರ ರಕ್ತದಲ್ಲೂ ಸಕ್ಕರೆ ಇರುತ್ತದೆ, ಅದಿಲ್ಲದೆ ಕಣ್ಣು ನೋಡುವುದಿಲ್ಲ, ತಲೆ ಓಡುವುದಿಲ್ಲ ಎಂದು ಹೇಳಿದೆ. ನಾವು ತಿಂದ ರೊಟ್ಟಿಯೂ ಹೊಟ್ಟೆಗೆ ಹೋಗಿ ಸಕ್ಕರೆಯೇ ಆಗುತ್ತದೆ ಎಂದು ಸರ್ ಸೇರಿಸಿದರು.

ಪವಿತ್ರಾ ಕೊನೆಯ ಬೆಂಚಿನಲ್ಲಿ ಗೋಡೆಗೆ ಅಂಟಿಕೊಂಡು ಕೂತಿದ್ದಳು. ಆಸ್ಪತ್ರೆಗೂ ಬಂದಿರಲಿಲ್ಲ, ಮನೆಗೂ ಬಂದಿರಲಿಲ್ಲ. ಬಂದಿದ್ದರೆ ಒಳಗೆ ಬಿಡುತ್ತಿದ್ದೆನೋ ಇಲ್ಲವೋ. ಅವಳು ಕೈ ಎತ್ತಿದಳು.

"ಆಂಟಿ, ಪೂರಾ ಖಾಲಿ ಆದ್ರ?"

"ಸಾಯ್ತಾರ."

ಅವಳನ್ನೇ ನೋಡುತ್ತ ಹೇಳಿದೆ. ನೋಯಲಿ ಎಂದೇ ಹೇಳಿದೆ. ಹದಿಮೂರು ವರ್ಷದ ಹುಡುಗಿಯ ಮುಖ ನನ್ನ ಕಣ್ಣೆದುರಿಗೇ ಬಿಳಿಚಿಕೊಂಡಿತು. ಆದರೆ ಅವಳು ಅಳಲಿಲ್ಲ. "ಹಂಗಾರ ಆಕಿ ಕೇಳಿದ್ರ ಕೊಡಬೇಕು. ಬಿದ್ದ ಮ್ಯಾಲ?" ಎಂದು ಇನ್ನೊಂದು ಪ್ರಶ್ನೆ ಕೇಳಿದಳು. ನಾನು ಹೇಳತೊಡಗಿದೆ. ಎಚ್ಚರ ಇದ್ದರೆ ತಕ್ಷಣ ಸಿಹಿ ಕೊಡಿ, ಯಾರ ಅಪ್ಪಣೆಗೂ ಕಾಯಬೇಡಿ. ಎಚ್ಚರ ತಪ್ಪಿದರೆ ಬಾಯಿಗೆ ಏನೂ ಹಾಕಬೇಡಿ, ಒಂದು ಮಗ್ಗುಲಿಗೆ ಹೊರಳಿಸಿ, ಆಸ್ಪತ್ರೆಗೆ ಓಡಿ. ಕೀಲಿ ಬೇಡ, ಉಳ್ಳಾಗಡ್ಡಿ ಬೇಡ. ಹೇಳುತ್ತ ಹೇಳುತ್ತ ಅವಳ ಬೆಂಚಿನವರೆಗೂ ಹೋಗಿದ್ದೆ. ಇಷ್ಟು ದಿನದಲ್ಲಿ ಮಂದಿ ನನ್ನನ್ನು ಏನೇನೋ ಕೇಳಿದ್ದರು. ಹುಡುಗಿಯನ್ನು ಉಳಿಸುವುದು ಹೇಗೆ ಎಂದು ಕೇಳಿದವಳು ಇವಳೊಬ್ಬಳೇ. ಅವಳ ತಲೆಯ ಮೇಲೆ ಕೈ ಇಟ್ಟೆ. ಆಗ ಅತ್ತಳು.

ಮೇಘಾ ಮುಂದಿನ ಸೋಮವಾರದಿಂದ ಶಾಲೆಗೆ ಹೋದಳು. ಈಗ ಲ್ಯಾಬಿನ ಕಪಾಟಿನಲ್ಲೂ ಸ್ಟಾಫ್ ರೂಮಿನಲ್ಲೂ ಗ್ಲೂಕೋಸ್ ಇದೆ. ಸರ್ ತಾವೇ ಇಡಿಸಿದರು. ಅವರಿಗೂ, ಆ ಡ್ಯೂಟಿ ಡಾಕ್ಟರಿಗೂ, ಪವಿತ್ರಾಳಿಗೂ ನಾನು ಋಣಿ. ಹೇಳಬೇಕಾದ ವಂದನೆ ಇದು, ಹೇಳಿದ್ದೇನೆ. ಸಿಟ್ಟು ಹೋಗಿದೆ ಎಂದು ಮಾತ್ರ ಯಾರೂ ತಿಳಿದುಕೊಳ್ಳಬೇಡಿ.

ಆದರೆ ಇನ್ನೊಂದು ಹೊಸ ಕಾಟ ಶುರುವಾಯಿತು, ಅದು ನನ್ನಿಂದಲೇ. ಮೇಘಾ ಸ್ವಲ್ಪ ದನಿ ಏರಿಸಿದರೆ ಸಾಕು, ನಾನು ಮಷಿನ್ ಹಿಡಿದು ಓಡುತ್ತಿದ್ದೆ. ಜಡೆ ಬಿಗಿಯಾಯಿತು ಎಂದು ಸಿಡುಕಿದರೆ ಬೆರಳು ಚುಚ್ಚು. ಅಜ್ಜಿಯ ಜೊತೆ ಟಿವಿಗೆ ಜಗಳವಾಡಿದರೆ ಬೆರಳು ಚುಚ್ಚು. ಅವಳ ಅಪ್ಪನೂ ಅಜ್ಜಿಯೂ ಸೇರಿಕೊಂಡರು. ಅವಳು ಹುಬ್ಬು ಗಂಟಿಕ್ಕಿದರೆ ಮೂರು ದಿಕ್ಕಿನಿಂದ ಮೂರು ಕೈಗಳು ಸಕ್ಕರೆ ಹಿಡಿದುಕೊಂಡು ಬರುತ್ತಿದ್ದವು. ಅವಳು ಮಾತೇ ಕಡಿಮೆ ಮಾಡಿದಳು. ನಾವು ಅದನ್ನು ಗುಣವಾಗಿದ್ದಾಳೆ ಎಂದುಕೊಂಡೆವು.

ಹೋದ ವಾರ ಶಾಲೆಯಿಂದ ಗಳಗನಾಥಕ್ಕೆ ಪ್ರವಾಸ ಇಟ್ಟರು. ನದಿಯ ದಂಡೆ, ದಿನವಿಡೀ ಹೊರಗೆ. ನಾನು ಆಫೀಸಿಗೆ ರಜೆ ಹಾಕಿದೆ. "ನಾನೂ ಬಸ್ಸಿನ್ಯಾಗ ಬರ್ತೀನಿ. ಸರ್‌ಗೆ ಫೋನ್ ಮಾಡೇನಿ" ಅಂದೆ.

ಮೇಘಾ ಊಟದ ತಾಟನ್ನು ಸರಿಸಿ ಎದ್ದಳು.

"ನೀ ಬರಬ್ಯಾಡ ಮಮ್ಮಿ! ಎಲ್ಲಾದಕ್ಕೂ ನೀ ಯಾಕ ಬರ್ತೀ? ನಾ ಏನ್ ಸಣ್ಣ ಕೂಸೇನು? ನನ್ನ ಕೇಳದ ಸರ್‌ಗೆ ಯಾಕ ಫೋನ್ ಮಾಡಿದಿ?"

ಅಷ್ಟು ಜೋರಾದ ದನಿಯನ್ನು ನಾನು ಆ ಹುಡುಗಿಯ ಬಾಯಲ್ಲಿ ಕೇಳಿರಲಿಲ್ಲ. ಕೈ ತಾನಾಗಿಯೇ ಮಷಿನ್ನಿಗೆ ಹೋಯಿತು. ಅತ್ತೆ ಅಡುಗೆಮನೆಯಿಂದ ಸಕ್ಕರೆ ಡಬ್ಬಿ ಹಿಡಿದು ಬಂದರು. ಮೇಘಾ ಅವರನ್ನೂ ನೋಡಿದಳು, ನನ್ನನ್ನೂ ನೋಡಿದಳು. ನನ್ನ ಕೈಯಿಂದ ಮಷಿನ್ ಕಸಿದುಕೊಂಡು, ತಾನೇ ಸ್ಟ್ರಿಪ್ ಹಾಕಿ, ತಾನೇ ಚುಚ್ಚಿಕೊಂಡು, ನನ್ನ ಮುಖದ ಮುಂದೆ ಹಿಡಿದಳು.

ನೂರ ಹದಿನಾಲ್ಕು.

"ನೋಡಿದಿ? ಇದು ಲೋ ಅಲ್ಲ. ನನಗ ನಿನ್ನ ಮ್ಯಾಲ ಸಿಟ್ಟ ಬಂದೈತಿ. ನನಗ. ನಾನು ಸಿಟ್ಟ ಮಾಡ್ಕೊಂಡೇನಿ."

ನಾನು ಕೂತೆ. ಆ ಅಂಕಿಯನ್ನೇ ನೋಡುತ್ತಿದ್ದೆ. ಕೊಡಬೇಕಾದ ಔಷಧ ಏನೂ ಇರಲಿಲ್ಲ, ಓಡಬೇಕಾದ ಆಸ್ಪತ್ರೆ ಇರಲಿಲ್ಲ. ಎದುರಿಗೆ ನಿಂತವಳು ತಲೆ ನೆಟ್ಟಗಿದ್ದು, ಕಾರಣವಿದ್ದು, ತಾಯಿಯ ಮೇಲೆ ರೇಗುತ್ತಿದ್ದ ಎಂಟನೇ ಕ್ಲಾಸಿನ ಒಬ್ಬ ಹುಡುಗಿ. ಇಂಥ ಒಂದು ಸಿಟ್ಟನ್ನು ನೋಡಲಿಕ್ಕೆ ನಾನು ಎಷ್ಟು ದಿನ ಕಾದಿದ್ದೆ ಎಂದು ಆಗ ಗೊತ್ತಾಯಿತು. ಅತ್ತೆಗೆ ಡಬ್ಬಿ ಒಳಗಿಡಿ ಎಂದು ಸನ್ನೆ ಮಾಡಿದೆ.

"ಬೈ ಹಂಗಾರ" ಅಂದೆ.

ಬೈದಳು. ಫೋನ್ ಮಾಡಿದ್ದಕ್ಕೆ ಬೈದಳು, ಜಡೆಗೆ ಬೈದಳು, ಶಾಲೆಗೆ ಬಂದು ಎಲ್ಲರ ಎದುರಿಗೆ ಬೆರಳು ಚುಚ್ಚಿಕೊಂಡದ್ದಕ್ಕೆ ಬೈದಳು. ನಾನು ಕೂತು ಎಲ್ಲವನ್ನೂ ಕೇಳಿದೆ.